ಬೆನ್ನಿಗೆ ಬೆನ್ನು ತಾಗಿಸಿ ನಿಂತವರು

ಡ್ರಿಲ್ ಮಾಸ್ಟರನಾಗಿ ಶಾಲೆಗೆ ಸೇರಿದೆ, ಡ್ರಿಲ್ ಮಾಸ್ಟರನಾಗಿಯೇ ನಿವೃತ್ತನಾದೆ. ನನ್ನ ಹುದ್ದೆಗೆ ಬಡ್ತಿ ಎನ್ನುವುದೇ ಇರಲಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುವ ಕಷ್ಟವೂ ನನಗಿಲ್ಲ. ಈಗ ತರಬೇತಿ ಮುಗಿಸಿ ಶಾಲೆಗಳಿಗೆ ಬರುತ್ತಿರುವ ವ್ಯಾಯಾಮ ಶಿಕ್ಷಕರು ಕೆಲವರು ಆಗಾಗ ನಮ್ಮ ಮನೆಗೆ ಬರುತ್ತಾರೆ. “ಮಾಸ್ಟ್ರೆ, ಮೊದಲು ಉಸಿರಾಟ, ಆಮೇಲೆ ಕವಾಯತು ಅಂತ ನೀವು ಯಾಕೆ ಶುರು ಮಾಡಿದ್ದು? ಕೊನೆಗೆ ಹೊಕ್ಕುಳಿನ ಕೆಳಗೆ ಅಂಗೈ ಇಡಿಸುವುದು ಎಂತಕ್ಕೆ?” ಎಂದು ಕೇಳುತ್ತಾರೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ತೀರುವ ವಿಷಯ ಅದಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಸೇರಿದ ಕಾಲದಲ್ಲಿ ಡ್ರಿಲ್ ಎಂದರೆ ಗಂಟಲು. ಪಲ್ಟಣದಿಂದ ಪೆನ್ಶನ್ ಪಡೆದು ಬಂದ ಹವಾಲ್ದಾರರೊಬ್ಬರು ನನಗೆ ಕೆಲಸ ಕಲಿಸಿದರು. ಅವರ ಪ್ರಕಾರ ಮಕ್ಕಳಿಗೆ ಮೈ ಎನ್ನುವುದೊಂದು ಇದೆಯೆಂದು ಮಾಸ್ಟರನಿಗೆ ತಿಳಿಯಬೇಕಾದ್ದಿಲ್ಲ, ಮಾಸ್ಟರನಿಗೆ ದನಿಯಿದೆಯೆಂದು ಮಕ್ಕಳಿಗೆ ತಿಳಿದರೆ ಸಾಕು. ಹಾಗೆಯೇ ಹಲವು ವರ್ಷ ಕೂಗಿದೆ. ಒಮ್ಮೆ ಸಾಲನ್ನು ನಡೆಸುತ್ತಿರುವಾಗ ಯಾರೋ ಅಧಿಕಾರಿ ಬಂದು ಮಾತಿಗೆ ನಿಂತರು. ‘ಹಾಲ್ಟ್’ ಹೇಳುವುದು ನನಗೆ ಮರೆತೇ ಹೋಯಿತು. ತಿರುಗಿ ನೋಡುವಾಗ ಮುಂದಿನ ಸಾಲು ಹೆಡ್‌ಮಾಸ್ಟರರ ಬದನೆ ಗಿಡಗಳನ್ನು ತುಳಿದುಕೊಂಡು ಗೋಡೆಗೆ ಮೂಗು ತಾಗಿಸಿ, ಕಾಲು ಕುಟ್ಟುತ್ತ ನಿಂತಿತ್ತು. ಹೆಡ್‌ಮಾಸ್ಟರರು ಬೈಯಲಿಲ್ಲ. ಗಿಡ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಮಾತು ಕಡಿಮೆ, ನೆನಪು ಜಾಸ್ತಿ, ಅಂಥ ಮನುಷ್ಯ.

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ವರ್ಷಗಳಲ್ಲಿ ಒಂದು ದಿನ ಪ್ಯಾರಲಲ್ ಬಾರಿನ ಮೇಲೆ ತಲೆಕೆಳಗಾಗಿ ನಿಲ್ಲುವುದನ್ನು ತೋರಿಸಲು ಹೋಗಿ ಬಿದ್ದೆ. ಮುಂದಿನ ಹಲ್ಲೊಂದು ಮುರಿಯಿತು. ಸೊಂಟದಿಂದ ಮೇಲೆ ಬೆನ್ನು ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಮಲಗಲು ಹೇಳಿದರು, ಎಣ್ಣೆ ತಿಕ್ಕುವವರು ತಿಕ್ಕಿದರು. ಎದ್ದು ನಡೆಯುವಂತಾದೆ, ಆದರೆ ಬಗ್ಗಿದರೆ ಏಳಲಾರೆ. ಹೆಡ್‌ಮಾಸ್ಟರರು ಕರೆದು, “ಇನ್ಸ್‌ಪೆಕ್ಟರು ಕ್ರಿಸ್‌ಮಸ್ ರಜೆಗೆ ಮೊದಲು ಬರ್ತಾರೆ. ನಿಮ್ಮನ್ನು ಆ ಬಾರಿನ ಮೇಲೆ ನೋಡದಿದ್ರೆ ಬೇರೆಯವರನ್ನು ಕಳಿಸ್ತಾರೆ. ನಾನು ಎಂತ ಮಾಡುವ ಹಾಗೂ ಇಲ್ಲ ಮಾರಾಯ್ರೆ” ಎಂದರು.

ಬೆನ್ನಿಗೆ ಮದ್ದು ಸಿಗದಿದ್ದರೂ ಹಲ್ಲಾದರೂ ಸರಿಯಾಗಲಿ ಎಂದು ಬಂದರಿನ ಚೀನಾ ಡಾಕ್ಟರರ ಅಂಗಡಿಗೆ ಹೋದೆ. ಅವರ ಹೆಸರು ಲಿನ್. ನನ್ನ ಪ್ರಾಯದವರೇ. ರಂಗೂನು, ಕಲ್ಕತ್ತಾ, ಮದ್ರಾಸು ಎಂದು ಊರೂರು ದಾಟಿ ತಾಯಿಯೊಂದಿಗೆ ಮಂಗಳೂರಿಗೆ ಬಂದು ಕೂತಿದ್ದರು. ಅಂಗಡಿಯ ಮುಂದುಗಡೆ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟುಗಳು ಬಾಯಿ ತೆರೆದು ಕೂತಿರುತ್ತಿದ್ದವು. ನಮ್ಮ ಶಾಲೆಯ ಮಕ್ಕಳು ಆ ದಾರಿಯಲ್ಲಿ ಬಂದರೆ ಎದುರು ಬದಿಗೆ ದಾಟಿ ಹೋಗುತ್ತಿದ್ದರು.

ಕುರ್ಚಿಯಲ್ಲಿ ಕೂತವನನ್ನು ಲಿನ್ ಬಾಯಿ ತೆರೆಸುವ ಮೊದಲು ಸುತ್ತ ನಡೆದು ನೋಡಿದರು.

“ಹಲ್ಲು ನಾನು ಮಾಡ್ತೇನೆ ಮಾಸ್ಟ್ರೆ. ಬೆನ್ನು ಯಾರು ಮಾಡುದು?”

“ಯಾರಿಂದಲೂ ಆಗಲಿಲ್ಲ ಡಾಕ್ಟ್ರೆ.”

“ಬೆಳಿಗ್ಗೆ ಬನ್ನಿ. ನಾನು ದಿನಾ ಮಾಡುದುಂಟು. ನೀವೂ ಮಾಡಿ.”

ಅಂಗಡಿಯ ಹಿಂದೆ ಒಂದು ಅಂಗಳ, ಅದರಾಚೆ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಎದುರು ದಡದಲ್ಲಿ ಬೆಂಗ್ರೆಯ ದೋಣಿಗಳು. ಅಲ್ಲಿ ಲಿನ್ ಬೆಳಗಿನ ಹೊತ್ತು ನೀರಿನಲ್ಲಿ ನಡೆಯುವವರಂತೆ ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದರು. ಅದಕ್ಕೆ ಅವರು ತಾಯ್‌ಚಿ ಎನ್ನುತ್ತಿದ್ದರು. ನಾನು ಅಭ್ಯಾಸಬಲದಿಂದ ‘ಒನ್, ಟೂ’ ಎಂದು ಬಾಯಲ್ಲಿ ಎಣಿಸಿಕೊಂಡು ಕೈ ಬೀಸಿದರೆ ಅವರು ನಗು ತಡೆಯಲಾರದೆ ಕೂತುಬಿಡುತ್ತಿದ್ದರು. ಕೂಗುವುದನ್ನು ಬಿಡುವುದಕ್ಕೇ ನನಗೆ ಬಹಳ ಸಮಯ ಬೇಕಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ವರಸೆ ಬಂತು. ನೋವು ಸ್ವಲ್ಪ ಇಳಿಯಿತು. ಆದರೆ ಬಾರು ಹಿಡಿದರೆ ಬೆನ್ನು ಮತ್ತೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಒಂದು ಬೆಳಿಗ್ಗೆ ಹಿಂಬಾಗಿಲಿನ ಪರದೆ ಸರಿಯಿತು. ಲಿನ್‌ರ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರನ್ನು ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಹುಡುಗಿಯಾಗಿದ್ದಾಗ ಅವರ ದೇಶದ ಪದ್ಧತಿಯಂತೆ ಅವರ ಪಾದಗಳನ್ನು ಮುರಿದು ಬಿಗಿದು ಕಟ್ಟಿದ್ದರಂತೆ. ಕರಿ ಬಟ್ಟೆಯ ಚಪ್ಪಲಿ ಚಿಕ್ಕ ಮಗುವಿನದ್ದಕ್ಕಿಂತ ದೊಡ್ಡದಿರಲಿಲ್ಲ. ನಮ್ಮ ಭಾಷೆಗಳು ಯಾವುದೂ ಅವರಿಗೆ ಬರುತ್ತಿರಲಿಲ್ಲ. ನಾನು ಮಾಡುವುದನ್ನು ಕೊನೆಯವರೆಗೆ ನೋಡಿ ಮಗನಿಗೆ ಏನೋ ಹೇಳಿದರು.

“ಅಮ್ಮ ಹೇಳ್ತಾರೆ,” ಎಂದರು ಲಿನ್, “ಕೈ ಕಾಲು ಚಂದ ನಡೀತದಂತೆ. ಮನೆಯೊಳಗೆ ಮಾತ್ರ ಯಾರೂ ಇಲ್ಲವಂತೆ.”

ನನಗೆ ಮೈ ಜುಮ್ಮೆಂದಿತು. ಲಿನ್ ಸಮಾಧಾನ ಹೇಳಿದರು. ತಾಯ್‌ಚಿ ಹೊರಗಿನ ನಡೆ. ಅದಕ್ಕೆ ಒಳಗೊಂದು ದಾರಿ ಇದೆ, ನಡುನೆತ್ತಿಯಿಂದ ಬೆನ್ನೆಲುಬಿನ ಬುಡದವರೆಗೆ ನೇರ ಇಳಿಯುವ ದಾರಿ. ಆ ನಡುದಾರಿಯನ್ನು ತೆರೆಯುವ ಸಾಧನೆ ತನಗಿಂತ ತಾಯಿಗೆ ಚೆನ್ನಾಗಿ ಗೊತ್ತು, ತನ್ನ ತಂದೆ ಆಕೆಗೆ ಕಲಿಸಿದ್ದು, ಎಂದರು. ನಮ್ಮ ಶಾಲೆಯ ಸಂಸ್ಕೃತ ಪಂಡಿತರನ್ನು ಕೇಳಿದಾಗ, “ಸುಷುಮ್ನಾ ನಾಡಿ ಅಂತ ನಮ್ಮಲ್ಲೂ ಉಂಟಲ್ಲ. ಗೊತ್ತಿರುವವರ ಕೈಯಲ್ಲಿ ಕಲೀರಿ, ಇಲ್ಲದಿದ್ರೆ ಬೇಡ” ಎಂದರು.

ಅಜ್ಜಿ ಕಲಿಸುವ ಕ್ರಮ ಹೀಗಿತ್ತು. ಮೊಣಕಾಲು ಸಡಿಲ ಬಿಟ್ಟು ನಿಲ್ಲಬೇಕು. ಒಳಗೆ ಟೊಳ್ಳು ಬಿದಿರು ಇದೆಯೆಂದು ಭಾವಿಸಬೇಕು. ಉಸಿರು ನೆತ್ತಿಯಿಂದ ಅದರೊಳಗೆ ತಾನಾಗಿ ಇಳಿಯಬೇಕು, ಬುಡದಲ್ಲಿ ಕಾಯಬೇಕು, ತಾನಾಗಿಯೇ ಏರಬೇಕು. ದೂಡಬಾರದು. ಕೊನೆಯಲ್ಲಿ ಅವರು ಕುರ್ಚಿಯಿಂದ ಎದ್ದು ಬಂದು ಒಂದು ಅಂಗೈ ನನ್ನ ಹೊಕ್ಕುಳಿನ ಕೆಳಗೆ, ಇನ್ನೊಂದು ಬೆನ್ನಿಗೆ ಇಟ್ಟು ಒತ್ತಿ ಹಿಡಿಯುತ್ತಿದ್ದರು. ಒಳಗೆ ಅಗುಳಿ ಬಿದ್ದಂತೆ ಅನ್ನಿಸುತ್ತಿತ್ತು. ಆಮೇಲೆ ತಲೆಯಾಡಿಸಿ ಕಳಿಸುತ್ತಿದ್ದರು.

ಬೆನ್ನಿನ ಗಂಟು ಬಿಚ್ಚುತ್ತ ಬಂತು. ಬಿಸಿಯಲ್ಲ, ತಂಪೂ ಅಲ್ಲ, ಬೆಳಕಿನಂಥದೊಂದು ದಾರಿ ಒಳಗೆ ನಿಜವಾಗಿಯೂ ಇದೆ ಎಂದು ತಿಳಿಯತೊಡಗಿತು. ಹೊಳೆಯ ಮೇಲೆ ಮಂಜು ಕೂತಿದ್ದ ಒಂದು ಬೆಳಿಗ್ಗೆ ಉಸಿರು ಬುಡಕ್ಕಿಳಿದು ನಿಂತಿತ್ತು. ಆಗ ನನ್ನ ಬೆನ್ನಿಗೆ ಒಂದು ಬೆನ್ನು ತಾಗಿತು.

ಲಿನ್ ಇರಬೇಕು, ನೇರ ನಿಂತಿದ್ದೇನೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡೆ. ಕಣ್ಣು ಬಿಟ್ಟರೆ ಲಿನ್ ಎದುರಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮುಖ ತೊಳೆಯುತ್ತಿದ್ದರು. ಅಜ್ಜಿ ಪಕ್ಕದ ಕುರ್ಚಿಯಲ್ಲಿದ್ದರು. ಬೆನ್ನು ಮಾತ್ರ ತಾಗಿಕೊಂಡೇ ಇತ್ತು. ಉಸಿರಾಡುತ್ತಿತ್ತು. ನಾನು ಉಸಿರು ಎಳೆಯುವಾಗ ಅದು ಬಿಡುತ್ತಿತ್ತು.

“ಡಾಕ್ಟ್ರೆ,” ಎಂದೆ, ಕದಲದೆ. “ನನ್ನ ಹಿಂದೆ ಯಾರಾದ್ರೂ ಇದ್ದಾರಾ?”

ಲಿನ್ ತಿರುಗಿ ನೋಡಿದರು. “ಯಾರೂ ಇಲ್ಲ.”

“ಇದ್ದಾರೆ. ನನಗಿಂತ ಕುಳ್ಳ. ಅವರ ತಲೆ ನನ್ನ ಕುತ್ತಿಗೆಗೆ ತಾಗ್ತದೆ.”

ಲಿನ್‌ರ ಮುಖದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಒರೆಸಿಕೊಳ್ಳಲಿಲ್ಲ. ಅಜ್ಜಿ ಏನೆಂದು ಕೇಳಿದರು. ಅಜ್ಜಿ ಕುರ್ಚಿಯ ಕೈಗೆ ಬಡಿದು ಮತ್ತೆ ಕೇಳಿದರು. ಲಿನ್ ತಲೆತಗ್ಗಿಸಿ ಎರಡು ಮಾತು ಹೇಳಿದರು. ಆಕೆ ಗೋಡೆಯ ಆಸರೆಯೂ ಇಲ್ಲದೆ ನನ್ನ ಬಳಿ ನಡೆದು ಬಂದರು. ನನ್ನ ಎಡ ಹೆಗಲಮೂಳೆಯನ್ನು ಮುಟ್ಟಿದರು. ಆಮೇಲೆ ಬಲಗಡೆ, ಅದಕ್ಕಿಂತ ಕೆಳಗೆ, ಆ ಇನ್ನೊಂದು ಬೆನ್ನಿನ ಇಳಿದ ಹೆಗಲು ನನಗೆ ಎಲ್ಲಿ ತಾಗುತ್ತಿತ್ತೋ ಸರಿಯಾಗಿ ಅಲ್ಲಿಯೇ ಬೆರಳಿಟ್ಟು ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ.

ಅಂದು ಅಂಗೈ ಒತ್ತದೆಯೇ ನನ್ನನ್ನು ಕಳಿಸಿದರು.

ದಾರಿಯಲ್ಲಿ ಲಿನ್ ನನ್ನ ಜೊತೆ ಬಂದು ವಿಷಯ ತಿಳಿಸಿದರು. ಅವರ ತಂದೆ ತಮ್ಮ ಊರಿನಲ್ಲಿ ಇದನ್ನೇ ಕಲಿಸುತ್ತಿದ್ದವರು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕಾವಡಿ ಹೊತ್ತು ಎಡ ಹೆಗಲು ಇಳಿದಿತ್ತು; ಬೆನ್ನಿಗೆ ಬೆನ್ನು ನಿಂತಾಗ ಅದು ನನ್ನ ಬಲಕ್ಕೆ. ಊರಿನ ಪಕ್ಕ ಹಳದಿ ಕೆಸರು ನೀರಿನ ದೊಡ್ಡ ಹೊಳೆ. ಒಂದು ಮಂಜಿನ ಬೆಳಿಗ್ಗೆ ಸಾಧನೆಗೆಂದು ದಡಕ್ಕೆ ಹೋದವರು ಹಿಂದಿರುಗಲಿಲ್ಲ. ಹೊಳೆಗೆ ಬಿದ್ದರೆನ್ನಲು ಹೆಣ ಸಿಗಲಿಲ್ಲ. ಊರು ಬಿಟ್ಟು ಹೋದರೆನ್ನಲು ಕಂಡವರಿಲ್ಲ.

“ಇದೆಲ್ಲ ನಾನು ನಿಮಗೆ ಮೊದಲು ಹೇಳಿರಲೇ ಇಲ್ಲ ಮಾಸ್ಟ್ರೆ,” ಎಂದರು ಲಿನ್. “ಹೆಗಲಿನ ವಿಷಯ ಈ ಊರಲ್ಲಿ ಯಾರಿಗೂ ಹೇಳಿಲ್ಲ.”

ಮರುದಿನ ಹೋಗುವಾಗ ಅಜ್ಜಿಯ ಕುರ್ಚಿ ಜಾಗ ಬದಲಿಸಿತ್ತು. ನಾನು ನಿಲ್ಲುವ ಕಡೆಯ ಹಿಂದೆ, ಹೊಳೆಗೆ ಬೆನ್ನು ಹಾಕಿ ಇಟ್ಟಿದ್ದರು. ಆಕೆ ಹೊಸ ನಿಲುವಂಗಿ ಹಾಕಿ ಕೂದಲು ಬಾಚಿದ್ದರು. ನಾನು ನಿಂತೆ. ಉಸಿರು ಇಳಿಯಿತು, ಆ ಬೆನ್ನು ಬಂತು. ಅಜ್ಜಿ ಮಾತನಾಡತೊಡಗಿದರು. ನನ್ನೊಂದಿಗಲ್ಲ. ಮನೆಯಲ್ಲಿ ಕೂತು ಗಂಡನಿಗೆ ದಿನದ ಸುದ್ದಿ ಹೇಳುವ ದನಿ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ. ನಡುನಡುವೆ ನಿಲ್ಲಿಸುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು, ‘ಹಾಗೋ’ ಎಂಬಂತೆ ಏನೋ ಅನ್ನುತ್ತಿದ್ದರು. ಅವರು ಸುಮ್ಮನಿದ್ದಷ್ಟು ಹೊತ್ತೂ ನನ್ನ ಬೆನ್ನಿಗೆ ತಾಗಿದ ಪಕ್ಕೆಲುಬುಗಳು ಮಾತನಾಡುವವನ ಪಕ್ಕೆಗಳಂತೆ ಸಣ್ಣಗೆ ಅದುರುತ್ತಿದ್ದವು.

ಓಡಿಹೋಗಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಬೆನ್ನು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ನೋವು ಪೂರ್ತಿ ಹೋಯಿತು. ಇನ್ಸ್‌ಪೆಕ್ಟರು ಬಂದ ದಿನ ಬಾರಿನ ಮೇಲೆ ತಲೆಕೆಳಗಾಗಿ ನಿಂತೆ, ಎಷ್ಟು ಹೊತ್ತೆಂದರೆ ಅವರೇ ‘ಸಾಕು, ಇಳಿಯಿರಿ’ ಅಂದರು. ಹಿಂದೆ ಬೀಳದಂತೆ ಯಾರೋ ಒತ್ತಾಸೆ ಕೊಟ್ಟಂತಿತ್ತು. ಹೆಡ್‌ಮಾಸ್ಟರರು ಕೈಕುಲುಕಿದರು. ಕೈ ಬಿಡುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮ ಎಡ ಹೆಗಲು ಯಾಕೆ ಇಳಿದಿದೆ? ಬೀಳುವ ಮೊದಲು ಹಾಗಿರಲಿಲ್ಲ” ಎಂದರು.

ಕೆಲಸ ಉಳಿಯಿತು. ಮನೆಯಲ್ಲಿ ನನ್ನ ಹೆಂಡತಿ ಸುಂದರಿ ಮಾತ್ರ ದಿನೇ ದಿನೇ ಸುಮ್ಮನಾಗುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳು ಬಡಿಸುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಎಂತ ಮಾಡ್ತಿದ್ದೀರಿ ನೀವು?”

ನೋಡಿಕೊಂಡೆ. ಬಟ್ಟಲಿಗೆ ಗಂಜಿ ಹಾಕಿ, ಅದನ್ನು ಎಡಗೈಯಲ್ಲಿ ಎತ್ತಿ ಬಾಯಿಯ ಅಂಚಿಗೆ ಹಿಡಿದಿದ್ದೆ. ಬಲಗೈಯ ಎರಡು ಬೆರಳು ಚೀನಾದವರ ಊಟದ ಕಡ್ಡಿಗಳಂತೆ ಚಾಚಿಕೊಂಡು ಅನ್ನವನ್ನು ಬಾಯಿಗೆ ತಳ್ಳುತ್ತಿದ್ದವು. ಹಾಗೆ ಉಣ್ಣುವುದನ್ನು ನಾನು ಯಾವತ್ತೂ ಕಲಿತವನಲ್ಲ. ಲಿನ್‌ರ ಮನೆಯಲ್ಲಿ ಅಲ್ಲಿಯವರೆಗೆ ಒಂದು ತುತ್ತು ತಿಂದವನೂ ಅಲ್ಲ.

“ಇದು ಮೊದಲ ಸಲ ಅಲ್ಲ,” ಎಂದಳು ಸುಂದರಿ. “ನಡೆಯುವಾಗ ಕುಳ್ಳ ಆಗ್ತೀರಿ. ನಾನು ಕರೆದರೆ ತಡೆದು ತಿರುಗ್ತೀರಿ, ಬೇರೆಯವರ ಹೆಸರು ಕೇಳಿದ ಹಾಗೆ. ನಿಮ್ಮ ಬೆನ್ನು ಸರಿ ಆದದ್ದು ನನಗೆ ಸಂತೋಷವೇ. ಆದರೆ ನನಗೆ ನನ್ನ ಗಂಡ ಬೇಕು.”

ಅವಳು ಅಷ್ಟಕ್ಕೇ ಬಿಡಲಿಲ್ಲ. ಸೆರಗು ಸರಿಪಡಿಸಿಕೊಂಡು ನನ್ನನ್ನು ಕರೆದುಕೊಂಡು ಬಂದರಿಗೆ ಹೊರಟಳು. ಅಂಗಡಿಯಲ್ಲಿ ಲಿನ್ ಒಬ್ಬರೇ ಕಟ್ಟುವ ಹಲ್ಲೊಂದನ್ನು ಅರದಿಂದ ಉಜ್ಜುತ್ತ ಕೂತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬಟ್ಟಲಿನ ಮಾತು ಬಂದಾಗ ಲಿನ್ ಕೈಯಲ್ಲಿದ್ದುದನ್ನು ಕೆಳಗಿಟ್ಟರು.

“ಮಾಸ್ಟ್ರೆ, ಅಮ್ಮ ಕೊನೆಗೆ ಬಾಗಿಲು ಹಾಕ್ತಾರೆ ಅಲ್ವಾ? ಹೀಗೆ ಕೈ ಒತ್ತಿ?”

“ಆ ದಿನದಿಂದ ಹಾಕಲಿಲ್ಲ. ಕಲಿತಾಯ್ತು, ಇನ್ನು ಬೇಡ ಅಂತ ಇರಬೇಕು ಅಂದುಕೊಂಡೆ.”

ಲಿನ್ ಪರದೆಯ ಹಿಂದೆ ಹೋದರು. ಒಳಗೆ ಅವರ ದನಿ ಏರಿತು. ಮಗ ತಾಯಿಯೊಂದಿಗೆ ಹಾಗೆ ಮಾತನಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಹೊರಗೆ ಬಂದ ಲಿನ್ ನನ್ನ ಎದುರು ಕೂತರು.

“ಅಮ್ಮನಿಗೆ ಗೊತ್ತುಂಟು. ಗೊತ್ತಿದ್ದೇ ಬಿಟ್ಟದ್ದು. ನಡುದಾರಿ ತೆರೆದು ಮುಚ್ಚದೆ ಇದ್ರೆ ಯಾರು ಬೇಕಾದ್ರೂ ಬರಬಹುದು, ಬಂದವರು ಇರಬಹುದು. ನಾನು ತೋರಿಸಿ ಕೊಡ್ತೇನೆ, ನೀವೇ ಮುಚ್ಚಿ. ಈಗಲೇ ಮುಚ್ಚಿ. ಬೆನ್ನು ಮತ್ತೆ ನೋಯಬಹುದು. ನೋಯಲಿ.”

ಅಂಗೈಗಳನ್ನು ಹೇಗೆ ಇಡಬೇಕು, ಉಸಿರನ್ನು ಹೊಕ್ಕುಳಿನ ಕೆಳಗೆ ಹೇಗೆ ಕೂಡಿಸಿ ಒತ್ತಬೇಕು ಎಂದು ತೋರಿಸಿದರು. ನಾನು ಕೈ ಎತ್ತಿದೆ. ಪರದೆಯ ಅಡಿಯಲ್ಲಿ ಆ ಪುಟ್ಟ ಕರಿ ಚಪ್ಪಲಿಗಳು ಕದಲದೆ ನಿಂತಿದ್ದವು. ನನ್ನಿಂದಾಗಲಿಲ್ಲ.

“ನಾಳೆ ಬೆಳಿಗ್ಗೆ ಮುಚ್ಚುತ್ತೇನೆ,” ಎಂದೆ. “ಅಜ್ಜಿಗೆ ಹೇಳಿ, ಹೇಳುವುದು ಎಂತ ಉಂಟೋ ನಾಳೆ ಹೇಳಿಬಿಡಲಿ.”

ಸುಂದರಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. “ಹಾಗಾದ್ರೆ ನಾನೂ ಬರ್ತೇನೆ” ಎಂದಳು.

ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಮಳೆ ಹೋಗಿ ತಿಂಗಳುಗಳಾಗಿದ್ದವು, ಅಂಗಳದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಸುಂದರಿ ಹೋಗಿ ಅವರ ಪಕ್ಕ ನೆಲದ ಮೇಲೆ ಕೂತಳು. ನಾನು ನಿಂತು ಕಣ್ಣು ಮುಚ್ಚಿದೆ. ಆ ಬೆನ್ನು ಬೇಗ ಬಂತು, ಕಾದುಕೊಂಡಿದ್ದಂತೆ.

ದಿನಾ ಸುದ್ದಿ ಹೇಳುತ್ತಿದ್ದ ಅಜ್ಜಿಯ ಆ ದನಿ ಅಂದು ಬರಲಿಲ್ಲ. ಕೊನೆಗೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿದರು. ಲಿನ್ ನನ್ನೆದುರು ನಿಂತಿದ್ದರು.

“ಏನು ಕೇಳಿದರು?” ಎಂದೆ.

“ನೀವು ಸತ್ತಿದ್ದೀರಾ ಅಂತ,” ಎಂದರು ಲಿನ್. “ಇಷ್ಟು ವರ್ಷ ಅಮ್ಮ ಅದನ್ನು ಯಾರನ್ನೂ ಕೇಳಿದವರಲ್ಲ.”

ಬೆನ್ನಿನ ಹಿಂದೆ ಆ ಪಕ್ಕೆಗಳ ಅದುರುವಿಕೆ ನಿಂತಿತು. ಭಾರ ನನ್ನ ಮೇಲೆ ಒರಗಿತು, ದಣಿದು ನಿಂತವನು ಗೋಡೆಗೆ ಒರಗುವ ಹಾಗೆ. ಆಮೇಲೆ ಚಳಿ. ಕುತ್ತಿಗೆಯಲ್ಲಿ ಶುರುವಾಗಿ ಬೆನ್ನಿನ ನಡುವೆ ನೀರು ಇಳಿಯಿತು. ಬೆವರಲ್ಲ. ಕೊಡದಿಂದ ಸುರಿದಂತೆ ಇಳಿದು ಅಂಗಿಯನ್ನು ಮೈಗೆ ಅಂಟಿಸಿ, ಪಂಚೆ ನೆನೆಸಿ, ಹಿಮ್ಮಡಿಯಿಂದ ನೆಲಕ್ಕೆ ಹರಿಯಿತು. ಸುಂದರಿ ತುಳುವಿನಲ್ಲಿ ದೇವರ ಹೆಸರು ಹೇಳಿದಳು. ಲಿನ್ ಓಡಿ ಬಂದು ನನ್ನ ಅಂಗಿ ಹಿಂಡಿದರು. ಕೈಯ ನೀರನ್ನು ನಾಲಗೆಗೆ ಮುಟ್ಟಿಸಿದರು. ನಮ್ಮ ಹೊಳೆ ಅಲ್ಲಿ ಸಮುದ್ರ ಸೇರುವ ಜಾಗ, ನೀರು ಉಪ್ಪು. ಇದು ಸಿಹಿನೀರು. ಹಳದಿ ಮಣ್ಣು ಕದಡಿದ ನೀರು.

ಅಜ್ಜಿ ಎದ್ದು ಬಂದರು. ನನ್ನ ಒದ್ದೆ ಬೆನ್ನಿಗೆ ಮುಖವಿಟ್ಟು ಮೂಸಿದರು. ಎರಡೂ ಅಂಗೈಗಳನ್ನು ಅಲ್ಲಿ ಇಟ್ಟು, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ, ನಿಂತರು. ಆಮೇಲೆ ಮುಂದೆ ಬಂದು ನನ್ನ ಮುಖ ನೋಡಿದರು. ಅಷ್ಟು ವರ್ಷ ನಮ್ಮ ನಡುವೆ ಇದ್ದೂ ನಮ್ಮ ಮಾತೊಂದನ್ನೂ ಆಡದಿದ್ದವರು, ಬೀದಿಯ ಮೀನಿನ ಹೆಂಗಸರಿಂದ ಕೇಳಿ ಕಲಿತಿದ್ದರೋ ಏನೋ, ತುಳುವಿನಲ್ಲಿ ಹೇಳಿದರು:

“ಯಾವು.”

ಸಾಕು ಎಂದು ಅರ್ಥ.

ತಮ್ಮ ಒಂದು ಅಂಗೈಯನ್ನು ನನ್ನ ಹೊಕ್ಕುಳಿನ ಕೆಳಗಿಟ್ಟು ಕಣ್ಣಿನಲ್ಲೇ ಅಪ್ಪಣೆ ಕೊಟ್ಟರು. ಅದರ ಮೇಲೆ ನನ್ನ ಎರಡೂ ಕೈ ಇಟ್ಟು, ಉಸಿರು ಕೂಡಿಸಿ ಒತ್ತಿದೆ. ಬೆನ್ನು ಹಗುರಾಯಿತು. ತಿರುಗಿ ನೋಡಿದರೆ ಒದ್ದೆ ನೆಲ, ಖಾಲಿ ಕುರ್ಚಿ, ಹೊಳೆ, ಆಚೆಗೆ ಬೆಂಗ್ರೆಯಿಂದ ಹೊರಟ ದೋಣಿ.

ನೋವು ಮರಳಿತು, ಆದರೆ ತಾಳುವಷ್ಟು. ಹೆಗಲು ನಿಧಾನಕ್ಕೆ ಮೇಲೆ ಬಂತು. ಅಜ್ಜಿಯಿಂದ ನಾನು ಮುಂದೆಯೂ ಕಲಿತೆ. ಪ್ರತಿ ಸಲ ಅವರು ಬಾಗಿಲು ಹಾಕಿಸಿಯೇ ಕಳಿಸುತ್ತಿದ್ದರು. ನಮ್ಮ ಶಾಲೆಯ ಡ್ರಿಲ್ಲಿನಲ್ಲಿ ಮಕ್ಕಳಿಗೆ ನಾನು ನಡುದಾರಿಯನ್ನು ಕಲಿಸಿದವನಲ್ಲ. ಬರೀ ಉಸಿರಾಟ, ಕೊನೆಗೆ ಅಂಗೈ. ಈಗ ಕಾರಣ ಕೇಳುವವರಿಗೆ ಇದೇ ಕಾರಣ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಅಂಗೈ ಇಡಿಸುವುದನ್ನು ಮಾತ್ರ ಬಿಡಬೇಡಿ.

ಆ ದಿನದ ಮಾತು ಇನ್ನೂ ಸ್ವಲ್ಪ ಇದೆ. ಅಂಗಿ ಒಣಗುವ ತನಕ ಲಿನ್ ನಮ್ಮನ್ನು ಒಳಗೆ ಕೂರಿಸಿದರು. ಪರದೆಯ ಆಚೆ ಅಜ್ಜಿ ಒಲೆ ಹೊತ್ತಿಸಿದ್ದರು. ಅನ್ನ ಬೆಂದ ಮೇಲೆ ಗೋಡೆಯ ಬದಿಯ ಮಣೆಯ ಮೇಲೆ ಒಂದು ಬಟ್ಟಲು ಇಟ್ಟು, ಅದರ ಮುಂದೆ ಊದುಕಡ್ಡಿ ಹಚ್ಚಿದರು. ಸುಂದರಿ ಎದ್ದು ಬಾಗಿಲಲ್ಲಿ ನಿಂತು ನೋಡಿದಳು.

“ಇದು ನಮ್ಮ ಅಗೆಲು ಬಡಿಸುದಲ್ವಾ?” ಎಂದು ಮೆಲ್ಲಗೆ ನನ್ನನ್ನು ಕೇಳಿದಳು. ಸತ್ತವರಿಗೆ ನಾವು ಎಲೆ ಹಾಕಿ ಬಡಿಸುವುದನ್ನು ಅವಳು ಹೇಳಿದ್ದು. ಉತ್ತರಕ್ಕೆ ಕಾಯದೆ ಕೈ ತೊಳೆದುಕೊಂಡು ಒಳಗೆ ಹೋದಳು.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸುಂದರಿ ಪಾತ್ರೆ ಹಿಡಿದಳು, ಅಜ್ಜಿ ಬಡಿಸಿದರು. ಬಟ್ಟಲು ತುಂಬಿತು. ಸುಂದರಿ ಪಾತ್ರೆಯನ್ನು ಹಿಂದಕ್ಕೆ ತೆಗೆಯಹೊರಟಾಗ ಅಜ್ಜಿ ಅವಳ ಮಣಿಕಟ್ಟು ಹಿಡಿದು ತಡೆದರು. ಬಟ್ಟಲಿನ ಅನ್ನವನ್ನು ಸೌಟಿನ ಬೆನ್ನಿನಿಂದ ಒತ್ತಿ ಜಾಗ ಮಾಡಿ, ಇನ್ನೊಂದು ಸೌಟು ಹಾಕಿದರು.